ಕುಡಿತ ಬಿಡ್ಸಾಕ ಒಂದ ಗುಳಿಗಿ ಯಾಕಿಲ್ರಿ ಡಾಕ್ಟ್ರೇ?

ಪ್ರಶ್ನೆ: ಡಾಕ್ಟ್ರೇ, ನಮ್ದು ಗಂಗಾವತಿ ಹತ್ರ ಒಂದು ಹಳ್ಳಿ. ನನ್ನ ತಮ್ಮಗ 38 ವರ್ಷ, ರೈಸ್ ಮಿಲ್ಲಿನ್ಯಾಗ ಹಮಾಲಿ ಮಾಡ್ತಾನ. ಹತ್ತು ಹನ್ನೆರಡು ವರ್ಷದಿಂದ ಕುಡೀತಾನ, ಈಗ ದಿನಕ್ಕ ಮೂರು ಕ್ವಾರ್ಟರ್ ಬೇಕು. ಹೋದ ವರ್ಷ ಹನುಮಮಾಲೆ ಹಾಕ್ಕೊಂಡು ಒಮ್ಮಿಗಲೇ ಬಿಟ್ಟ. ಮಾರನೇ ದಿನ ಫಿಟ್ಸ್ ಬಂತು, ಮೂರನೇ ರಾತ್ರಿ ಗೋಡಿ ಮ್ಯಾಲ ಹುಳ ಹರಿದಾಡ್ತಾವ ಅಂತ ಚೀರಾಕ ಹತ್ತಿದ. ಗಾಳಿ ಸೋಕೈತಿ ಅಂದ್ರು, ಆಮ್ಯಾಲ ದವಾಖಾನಿಗೆ ಹಾಕಿದ್ವಿ, ವಾರದಾಗ ಆರಾಮಾದ. ಎರಡು ತಿಂಗ್ಳಿಗೆ ಮತ್ತ ಶುರು. ಬಿಪಿಗೆ, ಶುಗರ್‌ಗೆ ಗುಳಿಗಿ ಅದಾವ, ಇದಕ್ಕ ಯಾಕ ಒಂದು ಸರಿಯಾದ ಔಷಧಿ ಇನ್ನೂ ಕಂಡು ಹಿಡಿದಿಲ್ಲ? ಗೊತ್ತಾಗದಂಗ ಊಟದಾಗ ಕಲಸೋ ಪುಡಿ ಕೊಡ್ತೀನಿ ಅಂತ ಒಬ್ರು ಅಂದಾರ, ಹಾಕ್ಬೋದಾ? ತೂಕ ಇಳಿಸೋ ಹೊಸ ಸೂಜಿ ಕುಡಿತಾನೂ ಬಿಡಿಸ್ತೈತಂತ, ಖರೇ ಏನ್ರಿ?

ಉತ್ತರ: ಅಕ್ಕಾರ, ಪುಡಿ ವಿಷಯ ಮೊದ್ಲ ಹೇಳಿಬಿಡ್ತೀನಿ, ಹಾಕಬ್ಯಾಡ್ರಿ. ಯಾಕ ಅನ್ನೋದು ಮುಂದ ಬರ್ತೈತಿ.

ನಿಮ್ಮ ಪ್ರಶ್ನೆದಾಗ ಎರಡು ಬ್ಯಾರೆ ಬ್ಯಾರೆ ಕೆಲಸ ಕೂಡಿಬಿಟ್ಟಾವ. ಕುಡಿಯೋದು ನಿಂತ ಮೊದಲ ಐದಾರು ದಿನ ಮನಷಾನ್ನ ಜೀವಸಹಿತ ದಾಟಿಸೋದು ಒಂದು ಕೆಲಸ, ಅದಾದ ಮ್ಯಾಲ ಆರು ತಿಂಗ್ಳು ವರ್ಷ ಮತ್ತ ಬಾಟ್ಲಿ ಕಡೆ ಹೋಗದಂಗ ನೋಡ್ಕೊಳ್ಳೋದು ಇನ್ನೊಂದು ಕೆಲಸ. ಮೊದಲನೇದಕ್ಕ ಗಟ್ಟಿ ಔಷಧಿ ಸಿಕ್ಕು ಐವತ್ತು ವರ್ಷದ ಮ್ಯಾಲಾತು. ಎರಡನೇದಕ್ಕ ಸಿಕ್ಕಿರೋವು ಅಂಥಾ ಜಬರ್ದಸ್ತ್ ಏನಲ್ಲ, ಆದ್ರ ಇದಾವ, ಮತ್ತ ಇರೋವನ್ನೂ ನಮ್ಮ ಕಡೆ ಯಾರೂ ಸರಿಯಾಗಿ ಕೊಡಂಗಿಲ್ಲ ತೊಗೊಳ್ಳಂಗಿಲ್ಲ. ನಿಮ್ಮ ತಮ್ಮಗ ಆಗಿದ್ದೂ ಅದ. ಮೊದಲನೇ ಕೆಲಸ ಮುಗಿಸಿ ಮನಿಗೆ ಕಳಿಸ್ಯಾರ, ಎರಡನೇದು ಶುರುನ ಆಗಿಲ್ಲ. ಎರಡು ತಿಂಗ್ಳಿಗೆ ಮತ್ತ ಕುಡುದ ಅಂದ್ರ ಔಷಧಿ ಸೋತಿಲ್ಲರಿ, ಆ ಔಷಧಿ ಅವಂಗ ಸಿಕ್ಕೇ ಇಲ್ಲ.

ಲೆಕ್ಕ ಒಂದೀಟು ನೋಡ್ರಿ. 180 ಎಂಎಲ್ ಕ್ವಾರ್ಟರ್ ವಿಸ್ಕಿದಾಗ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರ್ತೈತಿ, ಮೂರಂದ್ರ 180 ಗ್ರಾಂ, ದಿನಾ, ವರ್ಷಗಟ್ಲೆ. ಆಲ್ಕೋಹಾಲ್ ಮೆದುಳಿನ್ಯಾಗ ಎರಡು ಕಡೆ ಕೈ ಹಾಕ್ತೈತಿ. ಗಾಬಾ ಅನ್ನೋ ಶಾಂತ ಮಾಡೋ ವ್ಯವಸ್ಥಾಕ್ಕ ಜೋರು ಕೊಡ್ತೈತಿ, ಗ್ಲುಟಮೇಟ್ ಅನ್ನೋ ಎಬ್ಬಿಸೋ ವ್ಯವಸ್ಥಾನ ಅದುಮ್ತೈತಿ. ಮೆದುಳು ಸುಮ್ನ ಕೂಡ್ತೈತೇನು, ಅದೂ ತಿರುಗಿ ಒತ್ತಾಕ ಶುರು ಮಾಡ್ತೈತಿ, ಗಾಬಾ ಕಮ್ಮಿ ಮಾಡಿ ಗ್ಲುಟಮೇಟ್ ಜಾಸ್ತಿ ಮಾಡ್ಕೊಂತೈತಿ. ಕೆಸರಾಗ ಸಿಕ್ಕ ಲಾರಿಗೆ ನಿಮ್ಮ ತಮ್ಮ ಹೆಗಲು ಕೊಟ್ಟು ಪೂರಾ ಬಲ ಹಾಕಿ ನೂಕಾಕತ್ತಾಗ ಲಾರಿ ಸರಕ್ಕನ ಮುಂದ ಹೋದ್ರ ಅವ ಮುಖ ಅಡಿಯಾಗಿ ಬೀಳ್ತಾನಲ್ರಿ, ಒಮ್ಮಿಗಲೇ ಬಿಟ್ಟಾಗ ಮೆದುಳಿಗೆ ಆಗೋದು ಹಂಗ. 6 ತಾಸಿನಿಂದ ಕೈ ನಡುಗೋದು, ಬೆವರು, ವಾಂತಿ, ನಿದ್ದಿ ಇಲ್ದಿರೋದು. 6ರಿಂದ 48 ತಾಸಿನ್ಯಾಗ ಫಿಟ್ಸ್. 48ರಿಂದ 96 ತಾಸಿನ್ಯಾಗ ಡೆಲಿರಿಯಂ ಟ್ರೆಮೆನ್ಸ್, ನಾವು ಡಿಟಿ ಅಂತೀವಿ, ಹುಳ ಕಾಣೋದು, ಹೊತ್ತು ಗೊತ್ತು ತಿಳಿಯದಂಗಾಗೋದು, ಜ್ವರ, ಎದಿ ಬಡಿತ. ನಿಮ್ಮ ತಮ್ಮಂದು ಪುಸ್ತಕದಾಗ ಬರದಂಗ ಬಂದೈತಿ. ಗಾಳಿಯೂ ಅಲ್ಲ, ಹನುಮಪ್ಪನ ಸಿಟ್ಟೂ ಅಲ್ಲ. ಮಾಲೆ ಸೀಸನ್ನಿನ್ಯಾಗ, ಹನುಮಮಾಲೆ ಇರ್ಲಿ ಅಯ್ಯಪ್ಪನ ಮಾಲೆ ಇರ್ಲಿ, ಶ್ರಾವಣ ಇರ್ಲಿ, ಎರಡನೇ ಮೂರನೇ ದಿನಕ್ಕ ಇಂಥಾ ಪೇಷಂಟ್ ಬರೋದು ನಮ್ಮ ಭಾಗದ ಮಾನಸಿಕ ಡಾಕ್ಟ್ರಿಗೆಲ್ಲ ಗೊತ್ತಿರೋ ಮಾತು. ವ್ರತ ಮಾಡ್ಬ್ಯಾಡ್ರಿ ಅಂತ ಹೇಳಾಕತ್ತಿಲ್ಲ ನಾನು, ದಿನಾ ಕುಡಿಯೋರು ಡಾಕ್ಟ್ರಿಗೆ ತೋರಿಸಿ ಗುಳಿಗಿ ರಕ್ಷಣಾದಾಗ ಬಿಟ್ಟು ಆಮ್ಯಾಲ ಮಾಲೆ ಹಾಕ್ಕೊಳ್ರಿ ಅಂತೀನಿ, ಅಷ್ಟ.

ಇದು ಕುಡಿಯೋದು ನಿಂತಿದ್ದಕ್ಕ ಬರೋ ರೋಗ ಅನ್ನೋದ ಬಾಳ ದಿನ ಒಪ್ಪಿಗಿ ಆಗಿರ್ಲಿಲ್ಲರಿ. ಜಾಸ್ತಿ ಕುಡುದ ವಿಷ ಅಂತ ಕೆಲವ್ರು, ಊಟ ಇಲ್ದ ವಿಟಮಿನ್ ಕಮ್ಮಿ ಆಗಿ ಬರ್ತೈತಿ ಅಂತ ಕೆಲವ್ರು ವಾದ ಮಾಡ್ತಿದ್ರು. 1955ರಾಗ ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಾಗ ಹ್ಯಾರಿಸ್ ಇಸ್ಬೆಲ್ ಅನ್ನೋರು, ಮೊದ್ಲು ಮಾರ್ಫಿನ್ ಚಟ ಇದ್ದ ಹತ್ತು ಮಂದಿಗೆ ಒಳ್ಳೆ ಊಟ, ವಿಟಮಿನ್ ಎಲ್ಲಾ ಕೊಟ್ಕೋತ ದಿನಾ ಆಲ್ಕೋಹಾಲ್ ಕುಡಿಸಿ ಒಮ್ಮಿಗಲೇ ನಿಲ್ಲಿಸಿದ್ರು. ಕೆಲವ ದಿನ ಕುಡುದವ್ರಿಗೆ ಅಷ್ಟೇನೂ ಆಗ್ಲಿಲ್ಲ, 48 ದಿನ ಮತ್ತ ಅದಕ್ಕಿಂತ ಹೆಚ್ಚು ಕುಡುದವ್ರಾಗ ಫಿಟ್ಸು, ಡಿಟಿ ಎಲ್ಲಾ ಬಂತು. ಈಗಿನ ಕಾಲಕ್ಕ ಇಂಥಾ ಪ್ರಯೋಗಕ್ಕ ಯಾವ ಎಥಿಕ್ಸ್ ಕಮಿಟಿನೂ ಒಪ್ಪಂಗಿಲ್ಲ, ಒಪ್ಪಬಾರ್ದು ಕೂಡ. ಆದ್ರ ವಾದ ಮುಗೀತು. ರೋಗಕ್ಕ ಕಾರಣ ಗೊತ್ತಾದ ಮ್ಯಾಲ ಔಷಧಿ ಹುಡುಕೋದು ಸಸಾರ ಆತು.

1960ರಾಗ ಕ್ಲೋರ್‌ಡಯಜೆಪಾಕ್ಸೈಡ್ ಮಾರ್ಕೆಟ್‌ಗೆ ಬಂತು, ಲಿಬ್ರಿಯಂ ಅಂತ ಹೆಸ್ರು ಕೇಳಿರ್ಬೋದು, ಲಿಯೋ ಸ್ಟರ್ನ್‌ಬಾಕ್ ಅನ್ನೋ ರಸಾಯನ ವಿಜ್ಞಾನಿ ಕಂಡು ಹಿಡಿದಿದ್ದು. ಆಲ್ಕೋಹಾಲ್ ಜೋರು ಕೊಡೋ ಆ ಗಾಬಾಕ್ಕ ಇದೂ ಜೋರು ಕೊಡೋದು, ಹಂಗಾಗಿ ಮೆದುಳಿಗೆ ಸ್ವಲ್ಪ ಆಸರಾ ಕೊಟ್ಟು ನಿಧಾನಕ್ಕ ಇಳಿಸ್ಕೊಂತ ಬರ್ಬೋದು. 1969ರಾಗ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರಿಗಳಾಗ 537 ಮಂದಿ ಮ್ಯಾಲ ನಾಲ್ಕು ಔಷಧಿ ಮತ್ತ ಒಂದು ಹುಸಿ ಗುಳಿಗಿ (ಒಳಗ ಔಷಧಿನ ಇಲ್ಲದ್ದು) ಹೋಲಿಸಿ ನೋಡಿದ್ರು, ಲಿಬ್ರಿಯಂ ತೊಗೊಂಡವ್ರಾಗ ಫಿಟ್ಸೂ ಕಮ್ಮಿ ಡಿಟಿನೂ ಕಮ್ಮಿ. ಹುಚ್ಚಿಗೆ ಕೊಡೋ ಕ್ಲೋರ್‌ಪ್ರೊಮಝೀನ್ ಕೊಟ್ಟವ್ರಾಗ ಫಿಟ್ಸ್ ಜಾಸ್ತಿ. ಅದಕ್ಕ ಹುಳ ಕಾಣ್ತಾವ ಅಂದ ಕೂಡ್ಲೆ ಬರೇ ಹುಚ್ಚಿನ ಸೂಜಿ ಚುಚ್ಚಿ ಮಲಗಿಸೋದು ತಪ್ಪು. ಹಂಗ ಬರೇ ಫಿಟ್ಸಿನ ಫಿನೈಟಾಯಿನ್ ಗುಳಿಗಿ ವರ್ಷಗಟ್ಲೆ ನುಂಗಿಸೋದೂ ಕೆಲಸಕ್ಕ ಬರಂಗಿಲ್ಲ, ಬ್ಯಾರೆ ಮೂರ್ಛೆ ರೋಗ ಇಲ್ದಿದ್ರ. ಇದಕ್ಕ ಬೇಕಾಗೋದು ಲಿಬ್ರಿಯಂ ಜಾತಿದ್ದ ಲೊರಾಝೆಪಾಮ್. 1999ರಾಗ 186 ಮಂದಿ ಮ್ಯಾಲ ನಡೆದ ಒಂದು ಪರೀಕ್ಷಾದಾಗ, ಒಮ್ಮೆ ಫಿಟ್ಸ್ ಬಂದವ್ರಿಗೆ 2 ಮಿಲಿಗ್ರಾಂ ಲೊರಾಝೆಪಾಮ್ ಸೂಜಿ ಕೊಟ್ಟಾಗ ನೂರಕ್ಕ ಮೂರು ಮಂದಿಗೆ ಮಾತ್ರ ಮತ್ತ ಬಂತು, ಕೊಡದವ್ರಾಗ ನೂರಕ್ಕ 24. ಲಿವರ್ ಕೆಟ್ಟೋರಿಗೂ ನಾವು ಲಿಬ್ರಿಯಂ ಬಿಟ್ಟು ಲೊರಾಝೆಪಾಮ್ ಕೊಡ್ತೀವಿ, ಕೆಟ್ಟ ಲಿವರಿನ್ಯಾಗ ಅದು ಕೂಡಿಕೊಂತ ಕುಂದ್ರಂಗಿಲ್ಲ ಅಂತ.

ಒಂದು ಎಚ್ಚರ. ಈ ಗುಳಿಗಿ ಒಂದು ವಾರ ಹತ್ತು ದಿನಕ್ಕ ಇಳಿಸಿ ಇಳಿಸಿ ನಿಲ್ಲಿಸ್ಬೇಕು. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನ್ಯಾಗ ತಿಂಗಳಾನುಗಟ್ಲೆ ತಂದ್ರ ಅದೂ ಒಂದು ಚಟ, ಅದರ ಮ್ಯಾಲ ಸೆರೆ ಕುಡುದ್ರಂತೂ ಉಸಿರ ನಿಲ್ಲಬಹುದು.

ಇನ್ನೊಂದು, ನಮ್ಮ ಮಂದಿಗೆ ಗ್ಲೂಕೋಸ್ ಬಾಟ್ಲಿ ಅಂದ್ರ ಎಲ್ಲಿಲ್ಲದ ನಂಬಿಕಿ. ಸುಸ್ತಾಗ್ಯಾನ, ಒಂದು ಬಾಟ್ಲಿ ಏರಿಸ್ರಿ ಅಂತ ಹಳ್ಳಿ ಡಾಕ್ಟ್ರಿಗೆ ದುಂಬಾಲು ಬೀಳ್ತಾರ. ವರ್ಷಗಟ್ಲೆ ಕುಡುದವ್ರ ಮೈಯಾಗ ಥಯಮಿನ್ ಅಂದ್ರ ಬಿ1 ವಿಟಮಿನ್ ಖಾಲಿ ಆಗಿರ್ತೈತಿ, ಗ್ಲೂಕೋಸ್ ಸುಡಾಕ ಮೆದುಳಿಗೆ ಅದ ಬೇಕು. ಥಯಮಿನ್ ಕೊಡದನ ಗ್ಲೂಕೋಸ್ ಏರಿಸಿದ್ರ ಇದ್ದ ಚೂರೂ ಸುಟ್ಟು ವರ್ನಿಕಿ ಅನ್ನೋ ಮೆದುಳಿನ ರೋಗ ಬರ್ಬೋದು, 1881ರಾಗ ಕಾರ್ಲ್ ವರ್ನಿಕಿ ಬರೆದಿಟ್ಟಿದ್ದು. ಕಣ್ಣು ಓಡಾಡಂಗಿಲ್ಲ, ನಡಿಗಿ ತೂರಾಡ್ತೈತಿ, ಗೊಂದಲ. ಹೊತ್ತು ಮೀರಿದ್ರ ನೆನಪಿನ ಶಕ್ತಿ ಕಾಯಂ ಹೋಗ್ತೈತಿ, ಮುಂಜಾನಿ ಬಂದ ಮಗಳನ್ನ ಸಂಜಿಗೆ ಯಾವಾಗ ಬಂದಿ ಅಂತ ಕೇಳ್ತಾರ. ಕುಡಿದೂ ಇಲ್ಲ, ತೂರಾಡ್ತಾನ ಅಂದ್ರ ತಡ ಮಾಡ್ಬ್ಯಾಡ್ರಿ. ಥಯಮಿನ್ ಸೂಜಿ ಮೊದ್ಲ, ಗ್ಲೂಕೋಸ್ ಆಮ್ಯಾಲ, ಇದು ಅಗ್ಗದ ಸೂಜಿ, ಇಡೀ ಚಿಕಿತ್ಸಾದಾಗ ಇಷ್ಟು ಕಮ್ಮಿ ರೊಕ್ಕಕ್ಕ ಇಷ್ಟು ಲಾಭ ಕೊಡೋದು ಇನ್ನೊಂದಿಲ್ಲ. (ಅಂದಂಗ ಈ ಥಯಮಿನ್ ನಿಮ್ಮ ತಮ್ಮನ ಮಿಲ್ಲಿನ್ಯಾಗ ದಿನಾ ತೌಡಿನ ಕೂಡ ಹೊರಗ ಹೋಗ್ತೈತಿ, ಪಾಲಿಶ್ ಅಕ್ಕಿದಾಗ ಉಳಿಯೋದು ಸ್ವಲ್ಪ. ಜಾವಾದಾಗ ಐಕ್‌ಮನ್ ಅನ್ನೋ ಡಾಕ್ಟ್ರು ಪಾಲಿಶ್ ಅಕ್ಕಿ ತಿಂದ ಕೋಳಿ ನೋಡಿ ಹಿಡಿದ ಈ ಸುಳಿವಿಗೆ 1929ರಾಗ ನೊಬೆಲ್ ಬಂತು.)

ರಾಯಚೂರು ಕಡೆಯವ್ರು ಇದನ್ನ ಓದ್ತಿದ್ರ ಅವ್ರಿಗೆ ಒಂದು ಮಾತು. ಅಲ್ಲಿ ಕದ್ದು ಮಾರೋ ಸೇಂದಿ ಹೆಸರಿಗೆ ಸೇಂದಿ, ಒಳಗ ಇರೋದು ಸಿಎಚ್ ಪೌಡರ್ ಅಂದ್ರ ಕ್ಲೋರಲ್ ಹೈಡ್ರೇಟ್, ಕೆಲವು ಸಲ ಅಲ್‌ಪ್ರಾಝೋಲಾಮ್. ಎರಡೂ ನಿದ್ದಿ ಔಷಧಿನ. ಅದನ್ನ ದಿನಾ ಕುಡುದು ಬಿಟ್ರ ಬರೋದು ಸೆರೆ ಬಿಟ್ಟಾಗ ಬಂದಂಗ ಕಂಡ್ರೂ ಅದು ನಿದ್ದಿ ಗುಳಿಗಿ ಬಿಟ್ಟ ರೋಗ, ಡೋಸೂ ಬ್ಯಾರೆ, ಇಳಿಸೋ ದಿನಾನೂ ಹೆಚ್ಚು ಹಿಡೀತಾವ. ಡಾಕ್ಟ್ರು ಕೇಳಿದಾಗ ನಾಚ್ಕೊಂಡು ಬರೇ ಸೆರೆ ಅನ್ನಬ್ಯಾಡ್ರಿ, ಸೇಂದಿ ಅಂತ ಬಾಯಿ ಬಿಟ್ಟು ಹೇಳ್ರಿ.

ಈಗ ಎರಡನೇ ಕೆಲಸಕ್ಕ ಬರೋಣ, ನಿಮ್ಮ ಪ್ರಶ್ನೆಯ ಗಂಟು ಇರೋದು ಇಲ್ಲೇ.

ಮೊದಲ ಔಷಧಿ ಬಂದಿದ್ದು ರಬ್ಬರ್ ಫ್ಯಾಕ್ಟರಿಯಿಂದ. ಡೈಸಲ್ಫಿರಾಮ್ ಅಂತ ಅದರ ಹೆಸ್ರು, ಅದ ಜಾತಿ ರಾಸಾಯನಿಕ ಮುಟ್ಟಿ ಕೆಲಸ ಮಾಡೋ ಕಾರ್ಮಿಕರಿಗೆ ಸೆರೆ ಆಗಿಬರಂಗಿಲ್ಲ ಅಂತ 1937ರಾಗ ಅಮೆರಿಕದ ಒಬ್ಬ ಫ್ಯಾಕ್ಟರಿ ಡಾಕ್ಟ್ರು ಬರೆದ್ರು, ಯಾರೂ ತಲಿ ಕೆಡಿಸ್ಕೊಳ್ಳಿಲ್ಲ. ಹತ್ತು ವರ್ಷ ಕಳೆದ ಮ್ಯಾಲ ಡೆನ್ಮಾರ್ಕಿನ ಎರಿಕ್ ಯಾಕಬ್ಸನ್, ಯೆನ್ಸ್ ಹಾಲ್ಡ್ ಇದನ್ನ ಜಂತುಹುಳದ ಔಷಧಿ ಆಗ್ತೈತೇನು ಅಂತ ನೋಡಾಕ ತಾವ ನುಂಗಿದ್ರು, ಆಮ್ಯಾಲ ಕುಡುದಾಗ ಮೈಯೆಲ್ಲ ಕೆಂಪಾಗಿ ಎದಿ ಡವಗುಟ್ಟಿತು, 1948ರಾಗ ಅದನ್ನ ಬರೆದ್ರು. ಆಲ್ಕೋಹಾಲ್ ಮೈಯಾಗ ಮೊದ್ಲು ಅಸಿಟಾಲ್ಡಿಹೈಡ್ ಅನ್ನೋ ವಿಷ ಆಗಿ ಆಮ್ಯಾಲ ಕರಗ್ತೈತಿ, ಈ ಗುಳಿಗಿ ಕರಗೋ ದಾರಿ ಮುಚ್ಚತೈತಿ, ವಿಷ ಕೂಡಿಕೊಂಡು ವಾಂತಿ, ತಲಿನೋವು, ಬಿಪಿ ಇಳಿಯೋದು. ಜೋರಾದ್ರ ಹಾರ್ಟಿಗೂ ಹೊಡೀತೈತಿ. ನಿಮಗ ಕೊಡ್ತೀನಿ ಅಂದಿರೋ ಗುಟ್ಟಿನ ಪುಡಿದಾಗ ಹೆಸರು ಬರೀದ ಇದನ್ನ ಬೆರೆಸಿ ಕೊಡೋರು ಅದಾರ. ನುಂಗಿದವಂಗ ಗೊತ್ತಿಲ್ಲ, ಗೊತ್ತಿಲ್ದ ಸಂಜಿಗೆ ಮೂರು ಕ್ವಾರ್ಟರ್ ಏರಿಸ್ತಾನ, ಆಮ್ಯಾಲ ಏನಾಗ್ತೈತಿ ಅಂತ ನೀವ ಲೆಕ್ಕ ಹಾಕ್ರಿ. ಅದರ ಮ್ಯಾಲ ಅಕ್ಕನ ಕೈಯಾಗಿನ ಊಟದ ಮ್ಯಾಲ ನಂಬಿಕಿ ಹೋದ್ರ ಮುಂದ ಯಾವ ಚಿಕಿತ್ಸಾನೂ ನಡಿಯಂಗಿಲ್ಲ.

ಗೊತ್ತಿದ್ದು ತೊಗೊಂಡ್ರ ಕತಿನ ಬ್ಯಾರೆ. 1986ರಾಗ ಅಮೆರಿಕದಾಗ 605 ಗಂಡಸರ ಮ್ಯಾಲ ಪರೀಕ್ಷಾ ಮಾಡಿದಾಗ ಪೂರಾ ಡೋಸ್ ಡೈಸಲ್ಫಿರಾಮ್ ತೊಗೊಂಡವ್ರಿಗೂ ನೆಪಕ್ಕ 1 ಮಿಲಿಗ್ರಾಂ ತೊಗೊಂಡವ್ರಿಗೂ ವರ್ಷಪೂರ್ತಿ ಬಿಟ್ಟಿರೋದ್ರಾಗ ಫರಕ ಬರ್ಲಿಲ್ಲ. ಅದ 2004ರಾಗ ಮುಂಬೈದಾಗ ಡಿಸೋಜಾ ಅನ್ನೋ ಮನೋವೈದ್ಯರು ನೂರು ಗಂಡಸರ ಮ್ಯಾಲ ವರ್ಷ ನೋಡಿದಾಗ ಡೈಸಲ್ಫಿರಾಮ್‌ದಾಗ ನೂರಕ್ಕ 86 ಮಂದಿ ಕುಡಿಯದನ ಉಳ್ಕೊಂಡ್ರು, ನಾಲ್ಟ್ರೆಕ್ಸೋನ್ ಅನ್ನೋ ಇನ್ನೊಂದು ಗುಳಿಗಿದಾಗ 44. ಎರಡೂ ಖರೇನ. ಹ್ಯಾಂಗಂತೀರಿ? ಮುಂಬೈ ಪೇಷಂಟ್‌ಗಳ ಮನಿಮಂದಿ ದಿನಾ ಎದುರಿಗೆ ನಿಂತು ನುಂಗಿಸ್ತಿದ್ರು, ಏನು ನುಂಗಾಕತ್ತೀನಿ ಅಂತ ಎಲ್ಲಾರಿಗೂ ಗೊತ್ತಿತ್ತು. ಈ ಗುಳಿಗಿ ಕೆಲಸ ಮಾಡೋದು ಅಂಜಿಕಿಯಿಂದ, ಹುಸಿ ಗುಳಿಗಿ ನುಂಗಿದವಂಗೂ ಇದು ಅದ ಇರ್ಬೋದು ಅನ್ನೋ ಅಂಜಿಕಿ ಅಷ್ಟ ಇರ್ತೈತಿ, ಹಂಗಾಗಿ ಹುಸಿ ಗುಳಿಗಿ ಕೂಡ ಹೋಲಿಸೋ ಪರೀಕ್ಷಾ ಇದಕ್ಕ ಸರಿ ಅಳತಿನ ಆಗಂಗಿಲ್ಲ. ಔಷಧಿ ಕಂಡು ಹಿಡಿಯೋದು ಯಾಕ ಕಷ್ಟ ಅಂತ ಕೇಳಿದ್ರಲ್ಲ, ಅದಕ್ಕ ಅರ್ಧ ಉತ್ತರ ಇಲ್ಲೇ ಐತಿ ನೋಡ್ರಿ. ಬಿಪಿ ಅಳಿಯಾಕ ಮಷಿನ್ ಐತಿ, ಶುಗರ್‌ಗೆ ರಕ್ತ ಐತಿ, ಕುಡಿತಕ್ಕ ಏನು ಅಳೀತೀರಿ? ಪೂರಾ ಬಿಟ್ಟನೋ ಇಲ್ಲೋ ಅಂತಲೋ, ಮೂರು ಕ್ವಾರ್ಟರ್ ಇದ್ದಿದ್ದು ಒಂದಕ್ಕ ಇಳೀತು ಅಂತಲೋ? ಅದೂ ಅವನ ಬಾಯಿಂದ ಕೇಳಿದ್ದ. ಮತ್ತ ಪರೀಕ್ಷಾಕ್ಕ ಸೇರಿದ್ವಿ, ವಾರಕ್ಕೊಮ್ಮೆ ನರ್ಸ್ ಮಾತಾಡಿಸ್ತಾರ ಅಂದ ಕೂಡ್ಲೆ ಹುಸಿ ಗುಳಿಗಿ ಗುಂಪೂ ಅರ್ಧಕ್ಕರ್ಧ ಕಮ್ಮಿ ಮಾಡಿಬಿಡ್ತೈತಿ, ಅದನ್ನ ಸೋಲಿಸಿ ತೋರ್ಸೋದು ಯಾವ ಔಷಧಿಗೂ ಹಗುರಲ್ಲ.

ನಾಲ್ಟ್ರೆಕ್ಸೋನ್ ಕೂಡ ಎರವಲು. 1984ರಾಗ ಅಮೆರಿಕದಾಗ ಹೆರಾಯಿನ್ ಚಟಕ್ಕ ಒಪ್ಪಿಗಿ ಸಿಕ್ಕಿತ್ತು, ಕುಡಿದಾಗ ಸಿಗೋ ಖುಷಿಗೆ ಮೆದುಳಿನ ಒಳಗಿನ ಅಫೀಮಿನಂಥಾ ವಸ್ತುನೂ ಕಾರಣ ಅಂತ ಗೊತ್ತಾಗಿ 1994ರಾಗ ಕುಡಿತಕ್ಕೂ ಒಪ್ಪಿದ್ರು. ದಿನಕ್ಕ 50 ಮಿಲಿಗ್ರಾಂ. ಕುಡುದ್ರೂ ಏನೂ ಆಗಂಗಿಲ್ಲ, ಆದ್ರ ಒಂದು ಹಾಕಿದ ಮ್ಯಾಲ ಇನ್ನೊಂದು ಬೇಕು ಅನ್ನೋ ಸೆಳೆತ ಕಮ್ಮಿ ಆಗ್ತೈತಿ. ಆದ್ರ ಮೈಕೈ ನೋವಿಗೆ ಅಫೀಮಿನ ಜಾತಿ ಟ್ರಮಡಾಲ್ ಗುಳಿಗಿ ನುಂಗೋ ಹಮಾಲರು ಬಾಳ ಮಂದಿ ಅದಾರ, ಅದರ ಮ್ಯಾಲ ಇದನ್ನ ಕೊಟ್ರ ಅಫೀಮು ಬಿಟ್ಟವ್ರಂಗ ಒದ್ದಾಡ್ತಾರ. ನಿಮ್ಮ ತಮ್ಮಗ ಮೊದ್ಲು ಇದನ್ನ ಕೇಳ್ರಿ, ಟ್ರಮಡಾಲ್ ತಾನ ಫಿಟ್ಸ್ ತರಿಸೋ ಗುಳಿಗಿ ಬ್ಯಾರೆ.

ಅಕಾಂಪ್ರೊಸೇಟ್ ಒಂದು ಮಾತ್ರ ಕುಡಿತಕ್ಕಂತನ ಬೆಳೆದು ಬಂದಿದ್ದು. ಫ್ರಾನ್ಸಿನಿಂದ ಬಂತು, 1989ರಾಗ ಅಲ್ಲಿ ಒಪ್ಪಿಗಿ, ಅಮೆರಿಕ ಒಪ್ಪಿದ್ದು 2004ರಾಗ. ಬಿಟ್ಟ ಮ್ಯಾಲ ಉಳಿಯೋ ಆ ಚಡಪಡಿಕಿ, ನಿದ್ದಿ ಕೆಡೋದು, ಗ್ಲುಟಮೇಟ್ ಗಲಾಟೆ ತಣ್ಣಗ ಮಾಡ್ತೈತಿ. 333 ಮಿಲಿಗ್ರಾಂ ಗುಳಿಗಿ ಎರಡೆರಡು ಮೂರು ಹೊತ್ತು, ಅಂದ್ರ ದಿನಕ್ಕ ಆರು, ಇದ ಅದರ ದೊಡ್ಡ ತೊಂದ್ರಿ, ಮರೀತಾರ. ಲಿವರ್‌ಗೆ ಭಾರ ಇಲ್ಲ, ಕಿಡ್ನಿ ನೋಡ್ಕೊಂಡು ಕೊಡ್ಬೇಕು. 2006ರಾಗ 1383 ಮಂದಿ ಮ್ಯಾಲ ನಡೆದ ಅಮೆರಿಕದ ದೊಡ್ಡ ಪರೀಕ್ಷಾದಾಗ ನಾಲ್ಟ್ರೆಕ್ಸೋನ್ ಗೆದ್ತು, ಅಕಾಂಪ್ರೊಸೇಟ್ ಸೋತಿತು. ಆದ್ರ 2014ರಾಗ ಎಲ್ಲಾ ಪರೀಕ್ಷಾ ಕೂಡಿಸಿ ನೋಡಿದಾಗ 12 ಮಂದಿಗೆ ಅಕಾಂಪ್ರೊಸೇಟ್ ಕೊಟ್ರ ಒಬ್ಬ ಹೆಚ್ಚಿಗಿ ಪೂರಾ ಬಿಟ್ಟು ಉಳೀತಾನ, 12 ಮಂದಿಗೆ ನಾಲ್ಟ್ರೆಕ್ಸೋನ್ ಕೊಟ್ರ ಒಬ್ಬ ಹೆಚ್ಚಿಗಿ ವಿಪರೀತ ಕುಡಿತಕ್ಕ ಮರಳಂಗಿಲ್ಲ ಅಂತ ಬಂತು. ಇಷ್ಟೇನಾ ಅನ್ನಬ್ಯಾಡ್ರಿ, ನಾವು ದಿನಾ ಕಣ್ಣು ಮುಚ್ಚಿ ನುಂಗೋ ಎಷ್ಟೋ ಗುಳಿಗಿ ಲೆಕ್ಕ ಇದಕ್ಕಿಂತ ಕಡಿಮಿ ಐತಿ.

ಬ್ಯಾಕ್ಲೋಫೆನ್ ಸ್ನಾಯು ಬಿಗಿತಕ್ಕ ಇದ್ದ ಗುಳಿಗಿ. ಒಲಿವಿಯೆ ಅಮೈಸನ್ ಅನ್ನೋ ಫ್ರೆಂಚ್ ಹಾರ್ಟ್ ಡಾಕ್ಟ್ರು ಸ್ವತಃ ಕುಡಿತಕ್ಕ ಬಿದ್ದು, ಜಾಸ್ತಿ ಡೋಸಿನ್ಯಾಗ ತಾವ ತೊಗೊಂಡು ಆಸೆನ ಹೋತು ಅಂತ 2004ರಾಗ ಬರೆದ್ರು. ಫ್ರಾನ್ಸಿನ್ಯಾಗ ಮಂದಿ ಮುಗಿಬಿದ್ರು, 2018ರಾಗ ಸರ್ಕಾರ ಒಪ್ಪಿಗಿನೂ ಕೊಡ್ತು, ದಿನಕ್ಕ 80 ಮಿಲಿಗ್ರಾಂ ದಾಟಬಾರ್ದು ಅಂತ. ಪರೀಕ್ಷಾ ಫಲಿತಾಂಶ ಒಂದು ಹೌದು ಅಂದ್ರ ಇನ್ನೊಂದು ಅಲ್ಲ ಅಂತೈತಿ. ಸಿರೋಸಿಸ್ ಅಂದ್ರ ಲಿವರ್ ಗಟ್ಟಿಯಾಗಿ ಕೆಟ್ಟವ್ರಿಗೆ, ಬ್ಯಾರೆ ಗುಳಿಗಿ ಕೊಡಾಕ ಬರದಂಥವ್ರಿಗೆ ನಾನು ಇದನ್ನ ವಿಚಾರ ಮಾಡ್ತೀನಿ, ಒಮ್ಮಿಗಲೇ ನಿಲ್ಲಿಸಬ್ಯಾಡ್ರಿ ಅಂತ ಹತ್ತು ಸಲ ಹೇಳಿ.

ನೀವು ಕೇಳಿದ ಆ ತೂಕ ಇಳಿಸೋ ಹೊಸ ಸೂಜಿ ಸೆಮಾಗ್ಲೂಟೈಡ್. 2025ರಾಗ ಬಂದ ಒಂದು ಪರೀಕ್ಷಾದಾಗ 48 ಮಂದಿಗೆ ಸಣ್ಣ ಡೋಸಿನ್ಯಾಗ ಒಂಬತ್ತು ವಾರ ಕೊಟ್ಟು ನೋಡ್ಯಾರ, ಕುಡಿಯೋ ಪ್ರಮಾಣ, ಆಸೆ ಎರಡೂ ಇಳಿದಾವ. ಆದ್ರ ಅವ್ರು ಚಿಕಿತ್ಸಾ ಬೇಕು ಅಂತ ಬಂದ ಮಂದಿ ಅಲ್ಲ. ಅದಕ್ಕಿಂತ ಮೊದ್ಲು 2022ರಾಗ ಡೆನ್ಮಾರ್ಕಿನ್ಯಾಗ ಅದ ಜಾತಿ ಎಕ್ಸೆನಟೈಡ್ ಸೂಜಿ 127 ಮಂದಿಗೆ 26 ವಾರ ಕೊಟ್ಟಾಗ ಒಟ್ಟಾರೆ ಲಾಭ ಕಾಣ್ಲಿಲ್ಲ, ದಪ್ಪ ಇದ್ದವ್ರಾಗ ಮಾತ್ರ ಕುಡಿತ ಇಳೀತು. ನಮ್ಮಲ್ಲಿ ಬರೋ ಹಮಾಲರು ಸೊಂಟಕ್ಕ ಪಂಚೆ ನಿಲ್ಲದಷ್ಟು ಒಣಗಿರ್ತಾರ, ಊಟನ ಬ್ಯಾಡ ಅನ್ನಿಸೋ ಸೂಜಿ ಅವ್ರಿಗೆ ಕೊಟ್ರ ಏನು ಗತಿ ಅಂತ ನನಗ ಚಿಂತಿ. ಹೆಚ್ಚು ದೊಡ್ಡ ಪರೀಕ್ಷಾ ಬರೋತನ ನಾನು ಇದನ್ನ ಕುಡಿತಕ್ಕಂತ ಬರಿಯಂಗಿಲ್ಲ.

ಒಂದ ಗುಳಿಗಿ ಎಲ್ಲಾರಿಗೂ ಯಾಕ ಆಗಂಗಿಲ್ಲ ಅಂದ್ರ ಒಬ್ಬ ಖುಷಿಗೆ ಕುಡೀತಾನ, ಒಬ್ಬ ನಡುಕ ನಿಲ್ಲಿಸಾಕ ಕುಡೀತಾನ, ಒಬ್ಬ ಚೀಲ ಹೊತ್ತ ಬೆನ್ನು ನೋವಿಗೆ, ಒಬ್ಬ ನಿದ್ದಿಗೆ. ಯಾರಿಗೆ ಯಾವುದು ಅಂತ ಮೊದ್ಲ ಹೇಳೋ ರಕ್ತಪರೀಕ್ಷಾ ಇನ್ನೂ ಇಲ್ಲ. ಒಂದು ಜೀನ್ ನೋಡಿ ನಾಲ್ಟ್ರೆಕ್ಸೋನ್ ಯಾರಿಗೆ ಹತ್ತುತೈತಿ ಅಂತ ಹೇಳ್ಬೋದು ಅಂತ 2008ರ ಸುಮಾರು ಆಸೆ ಹುಟ್ಟಿತ್ತು, 2015ರಾಗ ಮೊದ್ಲ ಜೀನ್ ನೋಡಿ ಗುಂಪು ಮಾಡಿ ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ಮತ್ತ ಕಂಪನಿಗಳಿಗೂ ಇದ್ರಾಗ ಉಮೇದಿ ಕಮ್ಮಿ, ಗುಳಿಗಿ ಬಂದ್ರೂ ಬರಿಯೋ ಡಾಕ್ಟ್ರಿಲ್ಲ, ತೊಗೊಳ್ಳೋ ಪೇಷಂಟಿಲ್ಲ ಅಂತ ಅವ್ರ ಲೆಕ್ಕ. ಲೆಕ್ಕ ತಪ್ಪೂ ಅಲ್ಲ. 2019ರ ಕೇಂದ್ರ ಸರ್ಕಾರದ ಸಮೀಕ್ಷಾ ಪ್ರಕಾರ ಕುಡಿತಕ್ಕ ದಾಸರಾದ 38 ಮಂದಿಯೊಳಗ ಒಬ್ಬಂಗ ಮಾತ್ರ ಯಾವುದಾರ ಒಂದು ಚಿಕಿತ್ಸಾ ಸಿಕ್ಕೈತಿ, ಅಡ್ಮಿಟ್ ಆಗಿದ್ದು 180ರಾಗ ಒಬ್ಬ. ಹಳ್ಳಿ ಮಟ್ಟಕ್ಕ ಮಾನಸಿಕ ಚಿಕಿತ್ಸಾ ಒಯ್ಯೋ ಪದ್ಧತಿ ನಿಮ್ಹಾನ್ಸ್‌ನವ್ರು 1985ರಿಂದ ಮೊದ್ಲು ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲಾದಾಗನ, ಅದನ್ನ ನೋಡೇ 1996ರಾಗ ದೇಶದ ಯೋಜನೆ ಶುರುವಾತು, ಅಂಥಾ ಊರಿನ ಪಕ್ಕದಾಗ ಇದ್ದು ನಾವು ಪುಡಿ ಮಾರೋರ ಹಿಂದ ಹೊಂಟೀವಿ ಅಂದ್ರ ಬ್ಯಾಸರಾಗ್ತೈತಿ.

ನಿಮ್ಮ ತಮ್ಮಗ ನಾನಾದ್ರ ಏನು ಮಾಡ್ತೀನಿ ಅಂತ ಹೇಳ್ತೀನಿ. ಹೋದ ಸಲ ಫಿಟ್ಸ್, ಡಿಟಿ ಎರಡೂ ಬಂದಾವ ಅಂದ್ರ ಈ ಸಲನೂ ಬರೋ ಸಾಧ್ಯತೆ ಹೆಚ್ಚು, ಹಂಗಾಗಿ ಮನ್ಯಾಗ ಬಿಡಿಸೋ ಪ್ರಯತ್ನ ಬ್ಯಾಡ. ಕೊಪ್ಪಳದ ಕಿಮ್ಸ್, ಬಳ್ಳಾರಿ ಮೆಡಿಕಲ್ ಕಾಲೇಜು, ರಾಯಚೂರು ರಿಮ್ಸ್, ಎಲ್ಲಿ ಹತ್ರನೋ ಅಲ್ಲಿ ಮನೋವೈದ್ಯ ವಿಭಾಗದಾಗ ಅಡ್ಮಿಟ್ ಮಾಡ್ರಿ, ಅಲ್ಲಿಗೆ ಹೋಗೋತನ ಒಮ್ಮಿಗಲೇ ನಿಲ್ಲಿಸಾಕ ಹೋಗಬ್ಯಾಡ್ರಿ. ಯಾರನ್ನ ಕೇಳ್ಬೇಕು ಗೊತ್ತಾಗ್ಲಿಲ್ಲ ಅಂದ್ರ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕ ಫೋನ್ ಹಚ್ರಿ, ಪುಕ್ಕಟೆ, ಕನ್ನಡದಾಗ ಮಾತಾಡ್ತಾರ. ಲಿವರ್, ಕಿಡ್ನಿ ರಕ್ತಪರೀಕ್ಷಾ ಆಗ್ಲಿ. ಡಿಸ್‌ಚಾರ್ಜ್ ಚೀಟಿಯಾಗ ಲಿಬ್ರಿಯಂ ಇಳಿಸೋ ಲೆಕ್ಕ ಮಾತ್ರ ಇದ್ರ ಅಲ್ಲೇ ನಿಂತು ಕೇಳ್ರಿ, ಮತ್ತ ಕುಡಿಯದಂಗ ಯಾವ ಗುಳಿಗಿ ಬರ್ದೀರಿ ಅಂತ. ಲಿವರ್ ಸರಿ ಇದ್ದು ಟ್ರಮಡಾಲ್ ಚಟ ಇಲ್ದಿದ್ರ ನಾನು ನಾಲ್ಟ್ರೆಕ್ಸೋನಿನಿಂದ ಶುರು ಮಾಡ್ತೀನಿ, ಅವ ತಾನ ಒಪ್ಪಿ, ನೀವು ದಿನಾ ಮುಂಜಾನಿ ಎದುರಿಗೆ ನುಂಗಿಸ್ತೀನಿ ಅಂದ್ರ ಡೈಸಲ್ಫಿರಾಮ್ ಕೂಡ ಆಗ್ತೈತಿ. ಆರು ತಿಂಗ್ಳಿಗೆ ಕಮ್ಮಿ ಇಲ್ದಂಗ, ವರ್ಷ ಆದ್ರ ಚೊಲೋ. ನಡುವ ಒಂದು ದಿನ ಕುಡುದು ಬಂದ ಅಂತ ನಾಲ್ಟ್ರೆಕ್ಸೋನ್ ಡಬ್ಬಿ ಎತ್ತಿ ಒಗಿಬ್ಯಾಡ್ರಿ, ಮರುದಿನ ಮತ್ತ ಕೊಡ್ರಿ. ಡೈಸಲ್ಫಿರಾಮ್ ಇದ್ರ ಮಾತ್ರ ಉಲ್ಟಾ, ಕುಡುದ ದಿನ ಕೊಡಬಾರ್ದು, ನಿಲ್ಲಿಸಿದ ಮ್ಯಾಲೂ ಎರಡು ವಾರತನ ಮೈಯಾಗ ಅದರ ಪರಿಣಾಮ ಇರ್ತೈತಿ, ಕೆಮ್ಮಿನ ಔಷಧಿ ಬಾಟ್ಲಿ ಮ್ಯಾಲೂ ಆಲ್ಕೋಹಾಲ್ ಐತೇನು ಅಂತ ಓದಿ ನೋಡಿ ಕೊಡ್ರಿ.